ಮೂರನೇ ಮಹಡಿಯ ಕುದುರೆ

ಹೊಲಿಗೆ ಅಂಗಡಿಯಿಂದ,
ಮಂಗಳವಾರ, ಹನ್ನೊಂದನೇ ತಾರೀಖು, ಮಧ್ಯಾಹ್ನ

ಪ್ರೀತಿಯ ಇವರಿಗೆ,

ಹೆಸರು ಹಿಡಿದು ಬರೆಯೋಣವೆಂದುಕೊಂಡೆ. ಹನ್ನೆರಡು ವರ್ಷ "ಏನೂಂದ್ರೆ" ಎಂದೇ ಕರೆದ ಬಾಯಿಗೆ ಅಭ್ಯಾಸವಿಲ್ಲ, ಕೈಗೂ ಇಲ್ಲ. ಹೇಗಿದ್ದೀರಿ? ಬೆಸುಗೆಯ ಕಿಡಿ ಬಿದ್ದು ಮುಂಗೈ ಮೇಲಾಗಿದ್ದ ಗಾಯ ಒಣಗಿತೆ? ಕಣ್ಣುರಿ ಕಡಿಮೆಯೆ? ಕಪ್ಪು ಕನ್ನಡಕವನ್ನು ಹಣೆಗೆ ಏರಿಸಿಕೊಂಡು ಕೆಲಸ ಮಾಡಬೇಡಿ. ಅದನ್ನು ಕೊಟ್ಟಿರುವುದು ಹಣೆಗಲ್ಲ. ಸೇತುವೆಯ ಮೇಲೆ ಗಾಳಿ ಜೋರಾಗಿದ್ದರೆ ಸೊಂಟಕ್ಕೆ ಹಗ್ಗವಿಲ್ಲದೆ ಹತ್ತಬೇಡಿ. ಇಷ್ಟಕ್ಕೂ ಉತ್ತರ ಬೇಕು, ಆದರೆ ಫೋನಿನಲ್ಲಿ ಬೇಡ. ಯಾಕೆ ಬೇಡ ಎಂದು ಹೇಳುವುದಕ್ಕೇ ಈ ಕಾಗದ. ನಿಮ್ಮ ಜೊತೆ ಕೆಲಸ ಮಾಡುವ ಪೇಂಟರಣ್ಣ ರಜೆ ಮುಗಿಸಿ ಇವತ್ತು ಸಂಜೆ ಹೊರಡುತ್ತಾನೆ, ಅವನ ಕೈಯಲ್ಲಿ ಕೊಡುತ್ತೇನೆ. ನೀವು ಓದಿ ಮುಗಿಸುವ ತನಕ ಎದುರಿಗೇ ಕೂತಿರಬೇಕೆಂದು ಅವನಿಗೆ ಹೇಳಿದ್ದೇನೆ.

ಮೊದಲಿಂದ ಹೇಳುತ್ತೇನೆ. ನೀವು ಮಾತಿನ ಮನುಷ್ಯರಲ್ಲ. ಮದುವೆಗೆ ಮುಂಚೆ ಮೂರು ತಿಂಗಳು ನಮ್ಮ ಅಂಗಡಿಯ ಮುಂದೆ ಸುಳಿದಾಡಿ, ನಾಲ್ಕನೇ ತಿಂಗಳು ಬಾಯಿಬಿಟ್ಟು ಆಡಿದ ಪ್ರೇಮದ ಮಾತು, "ನಿಮ್ಮ ಗೇಟು ಜೋತುಬಿದ್ದಿದೆ, ಬೆಸುಗೆ ಹಾಕಿಕೊಡ್ಲಾ?" ಹಾಕಿಕೊಟ್ಟಿರಿ. ಗೇಟು ಇವತ್ತಿಗೂ ಅಲ್ಲಾಡಿಲ್ಲ. ನನ್ನನ್ನು ಸೂಜಿ ಎಂದಿರಿ, ಸಿಟ್ಟು ಬಂದಾಗ ದಬ್ಬಳ ಎಂದಿರಿ. ಅಂಥವರ ಫೋನಿನಿಂದ ಈ ವರ್ಷ ಮಾತೆಂದರೆ ಸುರಿಮಳೆ. ಬೆಳಿಗ್ಗೆ ಏಳಕ್ಕೆ "ಎದ್ದೆಯಾ ನನ್ನ ಚಿನ್ನ", ಮಧ್ಯಾಹ್ನ ಒಂದಕ್ಕೆ ಊಟದ ವಿಚಾರಣೆ, ಸಂಜೆಯಾದರೆ ಚಂದ್ರ. ಚಂದ್ರನನ್ನು ನೋಡಿ ನೀವು ಇದುವರೆಗೆ ಹೇಳಿದ್ದು, ಇವತ್ತು ಟಾರ್ಚ್ ಬೇಡ ಎಂದಷ್ಟೇ. ಮೊದಮೊದಲು ಹಿಗ್ಗಿದೆ, ಸುಳ್ಳು ಯಾಕೆ ಹೇಳಲಿ. ಅಂಗಡಿಯಲ್ಲಿ ಗುಂಡಿ ಹೊಲಿಯುವ ಅಕ್ಕನಿಗೆ ಓದಿ ತೋರಿಸಿದೆ. ಅವಳು ಕನ್ನಡಕ ಮೂಗಿನ ತುದಿಗೆ ಇಳಿಸಿ, "ಗಂಡಸು ಇದ್ದಕ್ಕಿದ್ದಂಗೆ ಸಿಹಿ ಆದ ಅಂದ್ರೆ, ಬೆಲ್ಲ ಎಲ್ಲಿಂದ ತಂದ ಅಂತ ನೋಡ್ಬೇಕು ಕಣೇ" ಎಂದಳು. ಅಲ್ಲಿಂದ ತಲೆಗೆ ಹುಳ ಹೊಕ್ಕಿತು. ಕೈಹೊಲಿಗೆ ಎಲ್ಲಾದರೂ ಒಂದು ಕಡೆ ವಾರೆಯಾಗುತ್ತದೆ. ಈ ಮಾತುಗಳು ಎಲ್ಲೂ ವಾರೆಯಾಗುತ್ತಿರಲಿಲ್ಲ. ಯಾರೋ ಒಬ್ಬಳು ಪಕ್ಕದಲ್ಲಿ ಕೂತು ಹೇಳಿಕೊಡುತ್ತಿದ್ದಾಳೆ ಎಂದುಕೊಂಡೆ. ಓದಿದವಳು, ಉಗುರಿಗೆ ಬಣ್ಣ ಹಚ್ಚಿದವಳು. ಬಟ್ಟೆ ಕತ್ತರಿಸುವಾಗಲೆಲ್ಲ ಅವಳ ಅಳತೆಯನ್ನು ಮನಸ್ಸಿನಲ್ಲೇ ತೆಗೆಯುತ್ತಿದ್ದೆ.

ಮೊನ್ನೆ ಗುರುವಾರ ರಜೆಗೆ ಬಂದಿರಿ. ಬಾಯಲ್ಲಿ ಚಿನ್ನವೂ ಇಲ್ಲ, ಚಂದ್ರನೂ ಇಲ್ಲ. ಬಂದವರೇ ಇಸ್ತ್ರಿ ಮೇಜಿನ ಕುಂಟುಕಾಲು ಸರಿಮಾಡಲು ಕೂತಿರಿ. ನಾನು ಅಟ್ಟದ ಡಬ್ಬಕ್ಕೆ ಎಡಗೈ ಎತ್ತಲಾರದೆ ನಿಂತಾಗ ನೀವೇ ಇಳಿಸಿಕೊಟ್ಟು, "ಸೂಜಿಗೆ ತುಕ್ಕು ಹಿಡೀತು" ಎಂದು ನಕ್ಕಿರಿ. ಆ ನಗು ಎಲ್ಲಿ ಚುಚ್ಚಿತೆಂದು ಆಮೇಲೆ ಹೇಳುತ್ತೇನೆ. ಭಾನುವಾರ, ಹೊರಡುವ ದಿನ, ನನ್ನೆದುರು ಊಟಕ್ಕೆ ಕೂತಿದ್ದಿರಿ. ನಿಮ್ಮ ಫೋನು ಕಿಟಕಿಯ ಹತ್ತಿರ ಚಾರ್ಜಿಗಿತ್ತು. ಸರಿಯಾಗಿ ಒಂದು ಗಂಟೆಗೆ ನನ್ನ ಫೋನು ಟಿಣ್ ಎಂದಿತು. ನಿಮ್ಮಿಂದಲೇ. "ಊಟ ಆಯ್ತಾ ಚಿನ್ನ? ನೀನಿಲ್ಲದೆ ಇಲ್ಲಿ ಒಂದು ತುತ್ತೂ ಗಂಟಲಲ್ಲಿ ಇಳಿಯುತ್ತಿಲ್ಲ." ನೀವು ಮೂರನೇ ಸಲ ಬಡಿಸಿಕೊಳ್ಳುತ್ತಿದ್ದಿರಿ. "ಯಾರ್ದು?" ಎಂದಿರಿ. ಯಾವುದೋ ಕಂಪನಿಯವರದು ಎಂದೆ. "ಅವ್ರಿಗೆ ಬೇರೆ ಕಸುಬಿಲ್ಲ, ಬಿಡು" ಎಂದು ತಟ್ಟೆ ಬಳಿದಿರಿ.

ಆಗಲೇ ಕೇಳಬಹುದಿತ್ತು. ಆದರೆ ಸಿಕ್ಕಾದ ದಾರದ ತುದಿ ಸಿಕ್ಕಿತೆಂದು ಎಳೆದರೆ ತುಂಡಾಗುತ್ತದೆ; ಮೆಲ್ಲಗೆ ಸುತ್ತಿಕೊಳ್ಳುತ್ತಾ ಹೋಗಬೇಕು. ನಿಮ್ಮನ್ನು ಬಸ್ಸು ಹತ್ತಿಸಿ ಬಂದು ನಿಮ್ಮ ಫೋನಿಗೆ ಬರೆದೆ, "ನಮ್ಮ ಕುದುರೆ ಸತ್ತುಹೋಯ್ತು ರೀ." ನಮಗಿರುವುದು ಮೂರನೇ ಮಹಡಿಯಲ್ಲಿ ಒಂದೂವರೆ ಕೋಣೆ, ಬೆಕ್ಕು ಸಾಕಲೂ ಮಾಲೀಕರು ಬಿಡುವುದಿಲ್ಲ. ರೆಪ್ಪೆ ಬಡಿಯುವುದರೊಳಗೆ ಉತ್ತರ ಬಂತು. "ನಿನ್ನ ದುಃಖ ನನಗೆ ಅರ್ಥವಾಗುತ್ತದೆ ಚಿನ್ನ. ಅದು ನಮ್ಮ ಮನೆಯವರಲ್ಲೇ ಒಬ್ಬರಂತಿತ್ತು. ಧೈರ್ಯವಾಗಿರು." ನಿಜವಾದ ನೀವಾಗಿದ್ದರೆ "ತಲೆ ಕೆಟ್ಟಿದ್ಯೇನೇ ದಬ್ಬಳ" ಎನ್ನುತ್ತಿದ್ದಿರಿ. ಆ ಬೈಗುಳಕ್ಕಾಗಿ ಅರ್ಧ ಗಂಟೆ ಕಾದೆ. ಬರಲಿಲ್ಲ.

ನಿನ್ನೆ ಫೋನ್ ರಿಪೇರಿಯವನ ಹತ್ತಿರ ಹೋದೆ. ಅವನು ನಕ್ಕ. ಈಗ ಫೋನಿನೊಳಗೇ ಕೂರುವ ಅಂಥದೊಂದು ಯಂತ್ರ ಬಂದಿದೆಯಂತೆ. ಹೆಂಡತಿಯ ಸಂದೇಶವನ್ನು ತಾನೇ ಓದಿ, ತಾನೇ ಉತ್ತರ ಕೊಟ್ಟು, ಓದಿಯಾಯಿತೆಂದು ಗುರುತನ್ನೂ ಹಾಕುತ್ತದಂತೆ. ಗಂಡ ತಾನಾಗಿ ಹುಡುಕಿ ನೋಡಿದರೆ ಆ ಮಾತು ಅವನಿಗೆ ತಿಳಿದೀತು, ಇಲ್ಲದಿದ್ದರೆ ಇಲ್ಲ. "ತುಂಬಾ ಜನ ಹಾಕಿಸ್ಕೊಂಡು ಹೋಗ್ತಾರಕ್ಕಾ, ಮನೆ ತಣ್ಣಗಿರುತ್ತೆ" ಎಂದ. ತಪ್ಪು ನನ್ನದೂ ಇದೆ. ಹೋದ ವರ್ಷ ಎರಡು ದಿನ ಉತ್ತರ ಬರಲಿಲ್ಲವೆಂದು ಹದಿನೈದು ದಿನ ಮುನಿಸಿಕೊಂಡಿದ್ದೆ. ಕಂಬದ ತುದಿಯಲ್ಲಿ ನೇತಾಡುವವರು ಫೋನು ಹಿಡಿಯುವುದು ಹೇಗೆಂದು ಯೋಚಿಸಲಿಲ್ಲ. ಹಾಗೆಂದು ಅನುಮಾನ ಪೂರ್ತಿ ಹೋಗಿಲ್ಲ. ಯಂತ್ರ ಬರೀ ನೆಪವಾಗಿ, ಅದರ ಬೆನ್ನ ಹಿಂದೆ ಉಗುರುಬಣ್ಣದವಳು ಕೂತಿದ್ದರೆ? ಫೋನ್ ಮಾಡಿ ಕೇಳೋಣವೆಂದರೆ ಈ ಯಂತ್ರಗಳು ಈಗ ಗಂಡನ ದನಿಯನ್ನೂ ಮಾಡುತ್ತವಂತೆ.

ನಮ್ಮಜ್ಜಿ ಒಂದು ಕಥೆ ಹೇಳುತ್ತಿದ್ದಳು. ಒಬ್ಬ ವ್ಯಾಪಾರಿ ದೂರದೇಶಕ್ಕೆ ಹೊರಟಾಗ ಹೆಂಡತಿ ಅತ್ತಳಂತೆ. ಅವನು ಒಂದು ಗಿಳಿಗೆ ತನ್ನ ದನಿ ಕಲಿಸಿ, ಪಂಜರ ತೂಗುಹಾಕಿ ಹೋದ. ಗಿಳಿ ಹೊತ್ತುಹೊತ್ತಿಗೆ ಉಂಡೆಯಾ, ಮಲಗಿದೆಯಾ ಎಂದು ಕೇಳುತ್ತಿತ್ತು. ಅವಳೂ ಅಳು ಮರೆತಳು. ವರ್ಷಗಳಾದ ಮೇಲೆ ವ್ಯಾಪಾರಿ ಬಂದು ಬಾಗಿಲು ಬಡಿದ. ಒಳಗಿನಿಂದ ಗಿಳಿ, ಅವನದೇ ದನಿಯಲ್ಲಿ, ಯಾರದು ಎಂದಿತು. ಗಂಡ ಮನೆಯಲ್ಲೇ ಇದ್ದಾನಲ್ಲ, ಹೊರಗಿರುವವನು ಯಾರೋ ಕಳ್ಳ ಎಂದು ಅವಳು ಅಗುಳಿ ತೆಗೆಯಲೇ ಇಲ್ಲ. ಚಿಕ್ಕವಳಿದ್ದಾಗ ಈ ಕಥೆಗೆ ನಗುತ್ತಿದ್ದೆ.

ಮೂರು ವಾರದ ಹಿಂದೆ, ಆಸ್ಪತ್ರೆಯಿಂದ ಬಂದ ದಿನ, ನಿಮಗೊಂದು ಉದ್ದನೆಯ ಸಂದೇಶ ಬರೆದಿದ್ದೆ. ಬಾಯಲ್ಲಿ ಹೇಳಿದರೆ ಅಳು ಬರುತ್ತದೆಂದು ಬರೆದದ್ದು. "ಚಿಂತಿಸಬೇಡ ಚಿನ್ನ, ನಾನು ಸದಾ ನಿನ್ನ ಜೊತೆಗಿದ್ದೇನೆ" ಎಂದು ಉತ್ತರ ಬಂತು, ಜೊತೆಗೆ ಐದು ಗುಲಾಬಿ. ಆ ಐದು ಗುಲಾಬಿಯ ಧೈರ್ಯದ ಮೇಲೆ ಅಷ್ಟು ದಿನ ನಿದ್ದೆ ಮಾಡಿದೆ. ನೀವು ಬಂದು ನಾಲ್ಕು ದಿನವಿದ್ದು ಆ ಮಾತೇ ಎತ್ತಲಿಲ್ಲ. ನೀವಾಗಿಯೇ ಕೇಳಲಿ ಎಂದು ನಾನೂ ಬಿಗಿದುಕೊಂಡಿದ್ದೆ. ತುಕ್ಕು ಎಂದಿರಿ. ಗೊತ್ತಿದ್ದೂ ನಗುವ ಗಂಡ ಎಂದುಕೊಂಡೆ. ಈಗ, ಗೊತ್ತಿಲ್ಲದೆ ನಕ್ಕಿದ್ದರು ಎಂದುಕೊಳ್ಳಲು ಆಸೆ. ಯಾವುದು ನಿಜವೆಂದು ನಿಮ್ಮ ಮುಖವೇ ಹೇಳಬೇಕು. ಪೇಂಟರಣ್ಣ ಎದುರಿಗೆ ಕೂತಿರುವುದು ಅದಕ್ಕೇ. ಓದುವಾಗ ನಿಮ್ಮ ಮುಖ ಹೇಗಾಯಿತೆಂದು ಅವನು ನನಗೆ ತಿಳಿಸುತ್ತಾನೆ.

ಗುಂಡಿ ಅಕ್ಕ ನಿಮ್ಮನ್ನು ಕೇಳಿದಳೆಂದು ಬರೆಯಲು ಹೇಳಿದ್ದಾಳೆ. ಬೆಲ್ಲದ ಮಾತು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಹತ್ತಿದ ಕಾಲು ಸುಖವಾಗಿ ನೆಲಕ್ಕಿಳಿಯಲಿ.

ಇಂತಿ,
ಇನ್ನೂ ದಬ್ಬಳವಾಗದ
ನಿಮ್ಮ ಸೂಜಿ

ಮತ್ತೆ: ಪೇಂಟರಣ್ಣ ಬಂದು ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಎಡ ಕಂಕುಳಲ್ಲಿ ಒಂದು ಗಂಟು. ಇಪ್ಪತ್ನಾಲ್ಕನೇ ತಾರೀಖು, ಸೋಮವಾರ ಬೆಳಿಗ್ಗೆ ಎಂಟಕ್ಕೆ ತೆಗೆಯುತ್ತಾರೆ, ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಮನೆಯವರೊಬ್ಬರು ಸಹಿ ಹಾಕಬೇಕಂತೆ. ಗಿಳಿಯ ಸಹಿ ನಡೆಯುವುದಿಲ್ಲ. ಬರುವುದಾದರೆ ಭಾನುವಾರವೇ ಬನ್ನಿ, ಬಾಗಿಲು ಬಡಿದು ಕುದುರೆಯ ವಿಷಯಕ್ಕೆ ಒಂದು ಸಲ ಬೈಯಿರಿ. ಅಗುಳಿ ತೆಗೆಯುತ್ತೇನೆ.