ಓರೆ ಗೆರೆಗೆ ಬಿದ್ದ ಸೊನ್ನೆ

ಪರೀಕ್ಷಾ ವಿಭಾಗದ ಮಾನ್ಯ ಮುಖ್ಯಸ್ಥರೇ,

ಹೋದ ವರ್ಷ ನೀವು ಕಳಿಸಿದ ಪರೀಕ್ಷಕರೊಬ್ಬರು ನನ್ನ ತಳಿಶಾಸ್ತ್ರದ ರೆಕಾರ್ಡ್ ಪುಸ್ತಕಕ್ಕೆ ಹತ್ತಕ್ಕೆ ಸೊನ್ನೆ ಕೊಟ್ಟರು. ಎರಡು ಅಂಕ ಸಾಲದೆ ನಾನು ಫೇಲಾದೆ. ಫೇಲಾಗುವುದು ಹೊಸಪೇಟೆಯ ಫಾರ್ಮಸಿ ವಿದ್ಯಾರ್ಥಿಗಳಿಗೆ ಹೊಸದೇನೂ ಅಲ್ಲ, ಅದನ್ನು ನುಂಗಿಕೊಳ್ಳುತ್ತಿದ್ದೆ. ಆ ಸೊನ್ನೆ ನಮ್ಮ ಮನೆಯೊಳಗೆ ಹೊಕ್ಕು ಮಾಡಿದ ಕೆಲಸವನ್ನು ಮಾತ್ರ ನುಂಗಲಾರೆ.

ಪ್ರಶ್ನೆ ನಿಮ್ಮದೇ: ‘ನಿಮ್ಮ ಕುಟುಂಬದ ವಂಶಾವಳಿ ನಕ್ಷೆ ಬರೆದು, ಅದರಲ್ಲಿ ಹರಿದುಬಂದ ಒಂದು ಗುಣವನ್ನು ಗುರುತಿಸಿ.’ ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ, ಮದುವೆಗೆ ಗೆರೆ, ರಕ್ತಸಂಬಂಧದ ಮದುವೆಗೆ ಜೋಡಿ ಗೆರೆ. ನಮ್ಮ ಅವ್ವನನ್ನು ಕೊಟ್ಟಿದ್ದು ಅವಳ ಸೋದರಮಾವನಿಗೆ, ಅಂದರೆ ಅವಳ ತಾಯಿ ಹೊಳೆಮ್ಮಜ್ಜಿಯ ಕಿರಿಯ ತಮ್ಮನಿಗೆ. ಅಪ್ಪ ಅಜ್ಜಿಯ ಸಾಲಿನಲ್ಲಿ, ಅವ್ವ ಅದರ ಕೆಳಗಿನ ಸಾಲಿನಲ್ಲಿ. ಹಾಗಾಗಿ ಜೋಡಿ ಗೆರೆ ಓರೆಯಾಗಿ ಇಳಿಯಿತು. ಅದರ ಕೆಳಗೆ ನನ್ನ ಅಣ್ಣ ಜಂಬುನಾಥ, ಹುಟ್ಟು ಕಿವುಡ, ಕಪ್ಪು ತುಂಬಿದ ಚೌಕ. ನಿಮ್ಮವರು ಕೆಂಪು ಶಾಯಿಯಲ್ಲಿ ಬರೆದರು: ‘ಗಂಡ ಹೆಂಡತಿ ಒಂದೇ ಸಾಲಿನಲ್ಲಿರಬೇಕು. ತಲೆಮಾರು ತಪ್ಪಿದೆ.’

ತಪ್ಪಿದ್ದು ನಿಜ ಮಾನ್ಯರೇ. ತಪ್ಪಿಸಿದವರು ನಮ್ಮ ಹಿರಿಯರು. ಕಂಪ್ಲಿಯಿಂದ ಸಂಡೂರಿನವರೆಗೆ ಸೋದರಮಾವನನ್ನೇ ಕಟ್ಟಿಕೊಂಡ ಹೆಂಗಸರ ಪಟ್ಟಿ ಬರೆದರೆ ನಿಮ್ಮ ಕಚೇರಿಯ ಕಾಗದ ಸಾಲದು. ಇಂಥ ಊರುಗಳ ಮಕ್ಕಳನ್ನು ಪರೀಕ್ಷಿಸಲು ಬಂದವರಿಗೆ ಇಂಥ ಮದುವೆ ಗೊತ್ತಿಲ್ಲವೇ? ಪುಸ್ತಕದಲ್ಲಿಲ್ಲದ ಮಾವಂದಿರು ಲೋಕದಲ್ಲೂ ಇಲ್ಲವೇ? ನಾನು ವಿವರಿಸಲು ಬಾಯಿ ತೆರೆದಾಗ ಅವರು ‘ನೆಕ್ಸ್ಟ್’ ಎಂದರು.

ಆ ನಕ್ಷೆಯ ಮೇಲೆ ನನ್ನ ಬದುಕೂ ನಿಂತಿತ್ತು. ಅವ್ವನ ತಮ್ಮ ಹುಲುಗಪ್ಪ ಮಾವ ಸಂಡೂರಿನಲ್ಲಿ ಅದಿರಿಗೆ ಎರಡು ಲಾರಿ ಬಿಟ್ಟಿದ್ದಾನೆ. ಧೂಳೇ ಬಂಗಾರವಾಗಿರುವ ಈ ಕಾಲದಲ್ಲಿ ಇಂಥ ಗಂಡನ್ನು ಹೊರಗಿನವರಿಗೆ ಬಿಡುತ್ತಾರೆಯೇ? ನನ್ನನ್ನು ಅವನಿಗೆ ಕೊಡುವ ಮಾತು ನಡೆದಿತ್ತು. ಪರೀಕ್ಷೆಗೆ ಮೊದಲೇ ನಾನು ಪುಸ್ತಕ ತೆರೆದು ಅಜ್ಜಿಗೆ ಆ ಗೆರೆ ತೋರಿಸಿದೆ. ಹುಟ್ಟುವ ಮಗು ಅಣ್ಣನಂತಾಗುವ ಸಂಭವ ಹನ್ನೆರಡಕ್ಕೆ ಒಂದು ಎಂದೆ. ಜಂಬುನಾಥ ನಮಗೆ ಭಾರವಲ್ಲ. ಆದರೆ ಲಾರಿಯ ಹಾರ್ನ್ ಕೇಳದ ಇಪ್ಪತ್ತಾರು ವರ್ಷದ ಮಗನನ್ನು ಅವ್ವ ಇವತ್ತಿಗೂ ಕೈ ಹಿಡಿದು ರಸ್ತೆ ದಾಟಿಸುತ್ತಾಳೆ. ಅಜ್ಜಿ ಮೆತ್ತಗಾಗಿದ್ದಳು.

ಅಷ್ಟರಲ್ಲಿ ಪುಸ್ತಕ ನಿಮ್ಮ ಸೊನ್ನೆ ಹೊತ್ತು ಮರಳಿತು. ಮಾವನೇ ಮೊದಲು ನೋಡಿದ. ‘ಏನವಾ, ನನ್ನ ರಕ್ತದಾಗ ದೋಷ ಐತಿ ಅಂದಿದ್ದಿ? ಇಲ್ಲಿ ನೋಡಿದ್ರ ನಿಂದ ತಪ್ಪೈತಿ!’ ಅಜ್ಜಿಯೂ ತಿರುಗಿಬಿದ್ದಳು: ‘ಭಾಳ ಓದಿದಾಕಿ! ನಿಮ್ಮ ಸಾರೇ ಸೊನ್ನಿ ಸುತ್ಯಾರ. ನಮ್ಮ ಮನಿತನಕ್ಕ ಹೆಸರಿಡಬ್ಯಾಡ, ಸುಮ್ಕ ಕುಂದ್ರು.’

ನಾನು ಕೂರಲಿಲ್ಲ. ಮರುಪರಿಶೀಲನೆಗೆ ಅರ್ಜಿ ಹಾಕಿದೆ. ನೀವು ಕೂತಿರಿ, ಅದರ ಮೇಲೆ, ಏಳು ತಿಂಗಳು. ಏಳು ತಿಂಗಳಲ್ಲಿ ಸಂಡೂರಿನ ಒಂದು ಗುಡ್ಡವೇ ಕರಗಿ ಹಡಗು ಹತ್ತುತ್ತದೆ, ನಿಮ್ಮ ಒಂದು ಕಡತ ಮೇಜು ದಾಟಲಿಲ್ಲ. ನನ್ನ ಬಾಯಿಗೆ ಬೇಸತ್ತ ಮನೆಯವರು ಪಿಯುಸಿ ಮುಗಿಸಿದ್ದ ನನ್ನ ತಂಗಿ ಸುನಿತಾಳನ್ನು ಮಾವನಿಗೆ ಕೊಟ್ಟರು. ಅರಿಸಿನ ಹಚ್ಚಿದ ದಿನ ಅವಳೇ ನನ್ನ ಕಣ್ಣೊರೆಸಿ ಕೇಳಿದಳು: ‘ಅಕ್ಕಾ, ನಿನ್ನ ನಕ್ಷಿ ತಪ್ಪಂತಲ್ಲ? ಮತ್ಯಾಕ ಅಳ್ತಿ?’

ಮದುವೆಯಾದ ಹನ್ನೊಂದನೆಯ ದಿನ ನಿಮ್ಮ ತಿದ್ದಿದ ಅಂಕಪಟ್ಟಿ ಬಂತು. ಹತ್ತಕ್ಕೆ ಹತ್ತು. ನಿಮ್ಮ ಕೈ ಸೇದಿಹೋಗಲಿ ಎಂದು ಶಪಿಸಿದೆ, ಈಗಲೂ ಆ ಮಾತು ಹಿಂತೆಗೆದುಕೊಳ್ಳುವುದಿಲ್ಲ.

ನನ್ನ ಬೇಡಿಕೆ ಇಷ್ಟೇ. ಆ ಪರೀಕ್ಷಕರನ್ನು ಸಂಡೂರಿಗೆ ಕಳಿಸಿ. ಕಾರು ಬೇಡ, ಬಸ್ಸಿನಲ್ಲಿ ನಿಂತು ಬರಲಿ, ದಾರಿಯುದ್ದ ಕೆಂಪು ಧೂಳು ತಿನ್ನಲಿ. ಸುನಿತಾ ಈಗ ಮೂರು ತಿಂಗಳ ಬಸುರಿ. ಅವಳೆದುರು ನೆಲದ ಮೇಲೆ ಕೂತು, ಹನ್ನೆರಡಕ್ಕೆ ಒಂದು ಎಂದರೇನು ಎಂಬುದನ್ನು ಕನ್ನಡದಲ್ಲಿ ಬಿಡಿಸಿ ಹೇಳಲಿ.

ಆ ಹತ್ತಕ್ಕೆ ಹತ್ತನ್ನು ನಾನಿನ್ನೂ ಅವಳಿಗೆ ತೋರಿಸಿಲ್ಲ, ಧೈರ್ಯ ಸಾಲಲಿಲ್ಲ. ಅವಳ ಮನೆಗೆ ದಿನವೂ ಪತ್ರಿಕೆ ಬರುತ್ತದೆ. ಈ ಬಹಿರಂಗ ಪತ್ರ ಅದರಲ್ಲಿ ಅಚ್ಚಾದ ಬೆಳಿಗ್ಗೆ ಅವಳು ಖಂಡಿತ ನನಗೆ ಫೋನ್ ಮಾಡುತ್ತಾಳೆ. ನಾನು ಅವಳಿಗೆ ನಿಮ್ಮ ಕಚೇರಿಯ ನಂಬರು ಕೊಡುತ್ತೇನೆ. ಎತ್ತಿ, ಮಾತಾಡಿ.

ಇಂತಿ,
ತಂಗಿಯನ್ನು ಫೇಲು ಮಾಡಿಸಿ ತಾನು ಪಾಸಾದ
ರೇಣುಕಾ
ಫಾರ್ಮಸಿ ವಿದ್ಯಾರ್ಥಿನಿ, ಹೊಸಪೇಟೆ, ೨೦೦೬