ಕೆರೆಯಂಚಿನ ಮನೆಗೆ ಇನ್ನೊಂದು ವರ್ಷ

ಹಲಸೂರು,
ಬುಧವಾರ, ೧೨ ಫೆಬ್ರವರಿ ೨೦೨೫

ಮುರಳಿಯವರಿಗೆ, ಯಮುನಾಳ ನಮಸ್ಕಾರ.

ಇಷ್ಟು ವರ್ಷ ಬರೀ "ರೀ" ಎಂದೇ ಕರೆದವಳಿಗೆ ನಿಮ್ಮ ಹೆಸರು ಬರೆಯುವಾಗ ಕೈ ಸ್ವಲ್ಪ ತಡೆಯಿತು. ಫೋನ್ ಮಾಡಬಹುದಿತ್ತು. ಆದರೆ ಮನೆಯ ಮಾತು ಬಂದ ಕೂಡಲೇ ಫೋನಿನಲ್ಲಿ ನಮ್ಮಿಬ್ಬರ ದನಿಯೂ ಏರುತ್ತದೆ. ಅದಕ್ಕೇ ಈ ಕಾಗದ.

ಈ ತಿಂಗಳ ಕೊನೆಗೆ ನಮ್ಮ ಭೋಗ್ಯದ ಅವಧಿ ಮುಗಿಯುತ್ತದೆ. ಕೊಟ್ಟ ಹಣ ವಾಪಸು ಪಡೆದು ಮನೆ ಬಿಡಬೇಕು, ಇಲ್ಲವೇ ಅವಧಿ ಮುಂದುವರಿಸಿಕೊಳ್ಳಬೇಕು. ಕೆಳಗಿರುವ ಮನೆ ಒಡತಿ ಅಕ್ಕಯಮ್ಮನವರ ಮಗ ಶ್ರೀನಿವಾಸ್ ಹೋದ ವಾರ ಮೆಟ್ಟಿಲ ಮೇಲೇ ನಿಂತು, "ಎಕ್ಸ್‌ಟೆಂಡ್ ಮಾಡೋದಾದ್ರೆ ಇಬ್ರೂ ಬಂದು ಸೈನ್ ಹಾಕ್ಬೇಕು ಮೇಡಂ. ಅಗ್ರಿಮೆಂಟಲ್ಲಿ ಇಬ್ರ ಹೆಸ್ರೂ ಇದೆ" ಎಂದರು. ಹಣ ನನ್ನ ತವರಿನ ಪಾಲಿನದಾದರೂ ಹೆಸರು ಇಬ್ಬರದು. ಶ್ರೀನಿವಾಸ್‌ಗೆ ಈ ಮನೆ ಕೆಡವಿ, ಒಂದರ ಮೇಲೊಂದು ಬಾಡಿಗೆ ಕೋಣೆ ಕಟ್ಟಿಸುವ ಆಸೆ. ಅಮ್ಮನ ಬಾಯಿಗೆ ಹೆದರಿ ಸುಮ್ಮನಿದ್ದಾರೆ, ಅಷ್ಟೆ.

ನೀವು ಹೋದ ಮೇಲೂ ಈ ಮನೆ ಹಾಗೇ ಇದೆ. ಬೆಳಿಗ್ಗೆ ಬಿಸಿಲು ಕೆರೆಗೆ ಬಿದ್ದು, ಅಲ್ಲಿಂದ ನಮ್ಮ ಕಿಟಕಿ ಹೊಕ್ಕು, ಚಾವಣಿಯ ಮೇಲೆ ಅಲೆಯಾಡುತ್ತದೆ. ಎಚ್ಚರವಾದ ಕೂಡಲೇ ಅದನ್ನು ನೋಡುತ್ತಾ ಮಲಗಿದ್ದರೆ ನಾನು ನೀರಿನ ಮೇಲಿದ್ದೇನೋ ಕೆಳಗಿದ್ದೇನೋ ತಿಳಿಯುವುದಿಲ್ಲ. ಪಕ್ಕದ ಮಿಲಿಟರಿ ಕ್ಯಾಂಪಿನ ಕಹಳೆ ಕೇಳಿದ ಮೇಲೆಯೇ ಕಾಲು ನೆಲಕ್ಕಿಡುವುದು. ಆಮೇಲೆ ಶಿವಾಜಿನಗರಕ್ಕೆ ಹೋಗಿ ಆಸಿಮ್ ಭಾಯಿಯ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕೆ ಕೂರುತ್ತೇನೆ. ಹೊಸ ಕನ್ನಡಕ ಹಾಕಿಕೊಂಡವರು ಕಣ್ಣರಳಿಸಿ ಬೀದಿಯ ಬೋರ್ಡುಗಳನ್ನು ಓದುವಾಗಲೂ ನನ್ನ ಕಣ್ಣ ಮುಂದೆ ಆ ಬೆಳಕೇ ತೂಗುತ್ತಿರುತ್ತದೆ.

ನಿಮಗೆ ಬೇಕಾಗಿದ್ದುದು ಅದಲ್ಲ, ಗೊತ್ತು. ಗೋಡೆಗೊಂದು ಮೊಳೆ ಹೊಡೆಯಲೂ ಇನ್ನೊಬ್ಬರನ್ನು ಕೇಳಬೇಕೆಂದು ನೀವು ಕೊರಗುತ್ತಿದ್ದಿರಿ. ಕೆ.ಆರ್. ಪುರದ ಆಚೆ ಸೈಟು ತೋರಿಸಿದ ದಿನ ಬರೀ ಕೆಂಪು ಮಣ್ಣಿನ ಮೇಲೆ ನಿಂತು, ಇಲ್ಲಿ ಅಡುಗೆಮನೆ, ಇಲ್ಲಿ ನಿನ್ನ ಕಿಟಕಿ ಎಂದಿರಿ. ಕಿಟಕಿಯಿಂದ ಏನು ಕಾಣುತ್ತದೆ ಎಂದು ನಾನು ಕೇಳಿದೆ. ಜಗಳ ಅಲ್ಲಿಂದಲೇ ಶುರುವಾದದ್ದು. ಮಳೆಗಾಲ ಬರುವಷ್ಟರಲ್ಲಿ ನೀವು ಬೈಯಪ್ಪನಹಳ್ಳಿಯಲ್ಲಿ ರೂಮು ಮಾಡಿದ್ದಿರಿ.

ಅಕ್ಕಯಮ್ಮನಿಗೆ ನಾನು ಬೇರೆಯೇ ಹೇಳಿದ್ದೆ. ಹೊಸೂರಿನಲ್ಲಿ ಲಿಫ್ಟ್ ಕೂರಿಸುವ ಕೆಲಸ ಸಿಕ್ಕಿದೆ, ವಾರಕ್ಕೊಮ್ಮೆ ಬಂದು ಹೋಗುತ್ತಾರೆ ಎಂದು. ಮಾತು ನಿಜವೆನಿಸಲೆಂದು ನೀವು ಬಿಟ್ಟುಹೋದ ನೀಲಿ ಶರ್ಟನ್ನು ಭಾನುವಾರ ಭಾನುವಾರ ಒಗೆದು ತಾರಸಿಯ ಹಗ್ಗಕ್ಕೆ ಹಾಕುತ್ತಿದ್ದೆ. ಗಾಳಿಗೆ ಅದರ ತೋಳು ಎದ್ದಾಗ, ನೀವೇ ಮೇಲೆ ನಿಂತು ಯಾರನ್ನೋ ಕರೆಯುತ್ತಿದ್ದೀರಿ ಅನ್ನಿಸುತ್ತಿತ್ತು. ಬರಬರುತ್ತಾ ನನ್ನ ಸುಳ್ಳನ್ನು ನಾನೇ ಅರ್ಧ ನಂಬಿದ್ದೆ.

ಶನಿವಾರ ಸಹಿಯ ವಿಷಯ ಮಾತಾಡಲು ಕೆಳಗಿಳಿದೆ. ಅಕ್ಕಯಮ್ಮ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ನಾನೂ ಒಂದು ಹಿಡಿ ತೆಗೆದುಕೊಂಡು ಕೂತೆ. "ಹೊಸೂರಿಂದ ಬರೋಕೆ ಅವ್ರಿಗೆ ರಜೆ ಸಿಗಲ್ವಂತೆ" ಎಂದು ಶುರುಮಾಡಿದೆ. ಅವರು ತಲೆಯೆತ್ತದೆ ಹೇಳಿದರು:

"ಆ ನೀಲಿ ಶರ್ಟು ಒಗ್ದೂ ಒಗ್ದೂ ಬಣ್ಣಾನೇ ಹೋಯ್ತಲ್ಲೇ ತಾಯಿ. ಇನ್ನೆಷ್ಟು ದಿನ ಒಣಗಾಕ್ತೀಯಾ?"

ನಾನು ಇನ್ನೊಂದು ಕಾಯಿ ಎತ್ತಿಕೊಂಡೆ. ಅವರೇ ಮುಂದುವರಿಸಿದರು:

"ನಿನ್ ಗಂಡ ಹೊಸೂರಲ್ಲಿಲ್ಲ ಕಣಮ್ಮ. ಭಾನುವಾರ ಸಂಜೆ ಕೆರೆ ಹತ್ರ ಕಲ್ ಬೆಂಚಿನ್ ಮೇಲೆ ಕೂತಿರ್ತಾನೆ. ಮೊದ್ಲು ನಾನೂ ಬೇರೆ ಯಾರೋ ಅನ್ಕೊಂಡೆ. ಹತ್ರ ಹೋಗಿ ಮನೆಗ್ ಬಾ ಅಂತ ಕರ್ದೆ, ಬರ್ಲಿಲ್ಲ. ಮೇಲ್ಗಡೆ ಮನೆ ಈಗ್ಲೂ ಸೋರ್ತದಾ ಅಂತ ಕೇಳ್ದ. ಹೂಂ ಅಂದೆ. ಆಮೇಲಲ್ವಾ ಆ ಮುತ್ತುರಾಜ್ ಬಂದಿದ್ದು, ಗಾರೆ ಕೆಲ್ಸಕ್ಕೆ."

ಅಡುಗೆಮನೆಯ ಮೂಲೆ ಸೋರುವುದನ್ನು ಅಕ್ಕಯಮ್ಮನೇ ಸರಿಮಾಡಿಸಿದರೆಂದು ನಾನು ಅವರಿಗೆ ಎಷ್ಟು ಸಲ ಕೈಮುಗಿದಿದ್ದೆ! ಪ್ರತಿ ಸಲವೂ ಅವರು ನಕ್ಕುಬಿಡುತ್ತಿದ್ದರು.

ಮಾರನೆಯ ದಿನ ಸಂಜೆ ಕಿಟಕಿಯ ಪರದೆಯ ಹಿಂದೆ ನಿಂತೆ. ನೀವು ಬಂದಿರಿ. ಗುಲಾಬಿ ಬಣ್ಣದ ಹೂವಿನ ಮರ ಎಲೆಯೇ ಇಲ್ಲದಂತೆ ಅರಳಿತ್ತು. ಅದರ ಕೆಳಗೆ ಕೂತಿರಿ. ಹೂವು ನಿಮ್ಮ ಹೆಗಲ ಮೇಲೆ ಬೀಳುತ್ತಿತ್ತು, ನೀವು ಕೊಡವಿಕೊಳ್ಳಲಿಲ್ಲ. ಸ್ವಲ್ಪ ಇಳಿದುಹೋಗಿದ್ದೀರಿ. ಹಿಂದಿನ ನೀರೆಲ್ಲ ಹೊಗೆಯ ಹಾಗಿತ್ತು, ನೀವು ಕೂತ ಬೆಂಚು ದಡ ಬಿಟ್ಟು ಮೆಲ್ಲಗೆ ತೇಲುತ್ತಿರುವಂತೆ ಕಂಡಿತು. ಬೆಂಚು ಇನ್ನೂ ದೂರ ಹೋದರೆ ಏನು ಮಾಡಲಿ ಎಂಬ ಭಯವಾಗಿ ಚಪ್ಪಲಿಯನ್ನೂ ಮೆಟ್ಟದೆ ಇಳಿದೆ. ಗೇಟಿನವರೆಗೆ ಬರುವಷ್ಟರಲ್ಲಿ ನೀವು ಎದ್ದಿದ್ದಿರಿ.

ಕೂಗಲಿಲ್ಲ. ಬೀದಿಯಲ್ಲಿ ಗಂಡನ ಹೆಸರು ಹಿಡಿದು ಕೂಗುವುದು ಹೇಗೆ? "ರೀ" ಎಂದರೆ ಹತ್ತು ಗಂಡಸರು ತಿರುಗುತ್ತಾರೆ. ನಿಮ್ಮ ಹಿಂದೆಯೇ ಹೂವಿನ ಅಂಗಡಿಗಳನ್ನು ದಾಟಿ ಮೆಟ್ರೋ ಸ್ಟೇಷನ್‌ವರೆಗೆ ನಡೆದೆ. ಬರಿಗಾಲು ಎನ್ನುವುದೇ ಮರೆತುಹೋಗಿತ್ತು. ನೀವು ಎಸ್ಕಲೇಟರ್ ಮೇಲೆ ನಿಂತು ಮೇಲೆ ಮೇಲೆ ಹೋದಿರಿ. ಒಂದು ಸಲ ತಿರುಗಿ ನೋಡಿದಿರಿ, ಆದರೆ ಕೆರೆಯ ದಿಕ್ಕಿಗೆ. ನಾನು ಕೆಳಗೇ ನಿಂತಿದ್ದೆ. ಮೇಲೆ ರೈಲು ಬಂದು ಹೋದ ಸದ್ದು ನನ್ನ ಎದೆಯಲ್ಲಿ ಬಹಳ ಹೊತ್ತು ಉಳಿಯಿತು.

ಮನೆಗೆ ಬಂದು ಚಾವಣಿ ನೋಡುತ್ತಾ ಮಲಗಿದೆ. ಸಂಜೆ ಅಲ್ಲಿ ಬೆಳಕು ಆಡುವುದಿಲ್ಲ, ಬರೀ ಸುಣ್ಣ. ಈ ಕಿಟಕಿ ನನ್ನನ್ನು ಹಿಡಿದಿಟ್ಟುಕೊಂಡಿದೆ ಎಂದುಕೊಂಡಿದ್ದೆ. ನೀವು ಹೊರಗಿನಿಂದ ಇದೇ ಕಿಟಕಿ ನೋಡುತ್ತಾ ಕೂರುತ್ತೀರಿ ಎಂದು ತಿಳಿದ ಮೇಲೆ, ಒಳಗಿದ್ದು ನಾನು ಕಾಣುವುದೇನು ಎನ್ನಿಸಿತು.

ಅಕ್ಕಯಮ್ಮ ಮೂರು ವರ್ಷಕ್ಕೆ ಮುಂದುವರಿಸೋಣ ಎಂದಿದ್ದರು. ಒಂದೇ ವರ್ಷ ಸಾಕು ಎಂದು ನಾನೇ ಹೇಳಿದೆ. ಅವರು ನನ್ನ ಮುಖ ನೋಡಿ, "ಆಮೇಲೆ?" ಎಂದರು. "ಆಮೇಲೆ ಇಬ್ರೂ ಸೇರಿ ಸೈಟು ನೋಡ್ತೀವಿ" ಎಂದೆ. ನಿಮ್ಮನ್ನು ಕೇಳದೆ ನಿಮ್ಮ ಪರವಾಗಿ ಮಾತು ಕೊಟ್ಟಿದ್ದೇನೆ, ತಪ್ಪು ತಿಳಿಯಬೇಡಿ. ಕಿಟಕಿಯಿಂದ ಕೆಂಪು ಮಣ್ಣೇ ಕಂಡರೂ ಆಗಬಹುದು. ಆದರೆ ಈ ಒಂದು ವರ್ಷ ಇಲ್ಲಿಯ ಬೆಳಗನ್ನು ನಾವಿಬ್ಬರೂ ನೋಡಿ ಮುಗಿಸೋಣ.

ಬರುವ ಶನಿವಾರ ಬೆಳಿಗ್ಗೆ ಸಹಿ ಹಾಕಲು ಬನ್ನಿ. ಮೆಟ್ಟಿಲ ಬಾಗಿಲು ತೆಗೆದೇ ಇರುತ್ತದೆ. ಅವರೆಕಾಳು ಉಪ್ಪಿಟ್ಟು ಮಾಡಿರುತ್ತೇನೆ.

ನಿಮ್ಮ ದಾರಿ ನೋಡುತ್ತಿರುವ,
ಯಮುನಾ

ಮರೆತ ಮಾತು: ನಿಜವಾಗಿ ಮರೆತಿರಲಿಲ್ಲ, ಬರೆಯಲೋ ಬೇಡವೋ ಎಂದು ಕೂತಿದ್ದೆ. ಹಣ ಅವಳದೇ ಅಲ್ಲವೇ, ಅವಳ ಸಹಿಯೊಂದೇ ಸಾಕು ಎಂದು ಅಕ್ಕಯಮ್ಮ ಮಗನಿಗೆ ಗದರಿದರು. ನಿನ್ನೆಯೇ ಭೋಗ್ಯದ ಹೊಸ ಕರಾರು ಆಯಿತು, ನನ್ನೊಬ್ಬಳ ಸಹಿಯ ಮೇಲೆ. ಶನಿವಾರ ನೀವು ಸಹಿ ಹಾಕುವಂಥದ್ದು ಏನೂ ಇಲ್ಲ. ಆದರೂ ಬನ್ನಿ.