ಹತ್ತನೇ ನಂಬರಿನ ಗ್ಲಾಸ್

22 ಅಕ್ಟೋಬರ್ 2022, ರಾತ್ರಿ 8

ಹಡಗು ಕಟ್ಟುವ ಯಾರ್ಡ್‌ನಿಂದ ಈಗ ಬಂದೆ. ಸೋಲಾರ್ ಫಿಲ್ಟರ್ ಪಾರ್ಸಲ್ ಇವತ್ತೂ ಇಲ್ಲ. ದೀಪಾವಳಿ ಮುಗಿಯಬೇಕಂತೆ. ಗ್ರಹಣ ಮಂಗಳವಾರವೇ ಇದೆ! ಕ್ಯಾಮೆರಾದಲ್ಲಿ ಚಂದ್ರನನ್ನು ಹಿಡಿದಾಯಿತು, ಸೂರ್ಯ ಬಾಕಿ.

25 ಅಕ್ಟೋಬರ್, ಸಂಜೆ 7

ಬೈನಾ ಸಮುದ್ರದಂಡೆಗೆ ಹೋಗಿದ್ದೆ. ಫಿಲ್ಟರ್ ಇಲ್ಲದಿದ್ದರೇನು, ನನ್ನ ವೆಲ್ಡಿಂಗ್ ಹೆಲ್ಮೆಟ್‌ನ ಗ್ಲಾಸ್ ಇದೆಯಲ್ಲ. ಕಪ್ಪಿನಲ್ಲಿ ಹತ್ತನೇ ನಂಬರ್. ಹನ್ನೆರಡು ವರ್ಷ ಕಾಪಾಡಿದೆ. ಲೆನ್ಸ್ ಬಾಯಿಗೆ ಸಾಲಲಿಲ್ಲ... ನಮ್ಮ ಕೆಲಸದಲ್ಲಿ ಗ್ಲಾಸ್ ಇರುವುದು ಕಣ್ಣ ಮುಂದೆ ತಾನೆ? ಬಲಗಣ್ಣಿಗೂ ಕ್ಯಾಮೆರಾಕ್ಕೂ ನಡುವೆ ಹಿಡಿದೆ. ಕಚ್ಚಿದ ರೊಟ್ಟಿಯ ಹಾಗಿದ್ದ ಸೂರ್ಯ. ಕಣ್ಣು ಕೀಳಲಾಗಲಿಲ್ಲ. ಫೋಟೊ ಮಾತ್ರ ಎಲ್ಲ ಬೆಳ್ಳಗೆ.

"ಕಣ್ಣಿಗೆ ಏನೂ ಆಗಿಲ್ಲೇನ್ರಿ?" ಹೆಂಡತಿ ಜಯಶ್ರೀ ಎರಡು ಸಲ ಕೇಳಿದಳು.

"ವೆಲ್ಡಿಂಗ್ ಬೆಳಕು ಕಣ್ಣಿಗೆ ಹೊಡದ್ರ ರಾತ್ರಿ ಉಸುಕು ಬಿದ್ದಂಗ ಉರಿತೈತಿ. ಉರೀಲಿಲ್ಲಂದ್ರ ಏನೂ ಆಗಿಲ್ಲ, ತಿಳಕೋ."

26 ಅಕ್ಟೋಬರ್, ಬೆಳಿಗ್ಗೆ

ಉರಿಯಲಿಲ್ಲ. ಒಳ್ಳೆ ನಿದ್ದೆ. ಆದರೆ ಎಡಗಣ್ಣು ಮುಚ್ಚಿದರೆ ಹೆಂಡತಿಯ ಮುಖದಲ್ಲಿ ಮೂಗಿಲ್ಲ. ನಟ್ಟನಡುವೆ ಬೂದು ಕಲೆ. ನೋಡಿದಲ್ಲೆಲ್ಲ ಬರುತ್ತದೆ. ಭಯವಾಗುತ್ತಿದೆ.

28 ಅಕ್ಟೋಬರ್

ಪಾರ್ಸಲ್ ಬಂತು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ಒಳಗೊಂದು ಚೀಟಿ — ಫಿಲ್ಟರ್ ಲೆನ್ಸ್‌ನ ಮುಂದೆಯೇ ಇರಬೇಕು, ಕಣ್ಣಿನ ಕಡೆ ಎಂದೂ ಅಲ್ಲ; ಲೆನ್ಸ್ ಬಿಸಿಲನ್ನು ಒಂದೆಡೆ ಕೂಡಿಸಿ ಕಣ್ಣು ಸುಡುತ್ತದೆ.

9 ನವೆಂಬರ್

ಬರೆಯಲು ಮನಸ್ಸಾಗಿರಲಿಲ್ಲ. ಕಲೆ ಹಾಗೇ ಇದೆ. ಔಷಧ ಇಲ್ಲ, ಕಾಯಬೇಕು ಎಂದರು ಡಾಕ್ಟರು. ನಾಳೆ ಯಾರ್ಡ್‌ನ ಕಣ್ಣಿನ ಟೆಸ್ಟ್. ಫೇಲಾದರೆ ವೆಲ್ಡಿಂಗ್ ಬಿಡಬೇಕು. ಹೋದ ವರ್ಷದ ಬೋರ್ಡಿನ ಅಕ್ಷರ ಬಾಯಿಪಾಠ ಮಾಡಿಕೊಂಡಿದ್ದೇನೆ.

ಇವತ್ತು ದೊಡ್ಡ ಉಕ್ಕಿನ ಪ್ಲೇಟ್ ಎತ್ತುವ ಕೊಂಡಿಗೆ ವೆಲ್ಡ್ ಹಾಕಿದೆ. ಆರಿದ ಮೇಲೆ ಬೆರಳಾಡಿಸಿದರೆ — ಅರ್ಧ ಜೋಡಣೆ ತಪ್ಪಿಹೋಗಿದೆ. ಎತ್ತುವಾಗ ಅದರ ಕೆಳಗೆ ನಿಲ್ಲುವವನು ಖೇಮಪ್ಪ, ನನ್ನ ಜೊತೆಯವನು. ಯಾರೂ ನೋಡದಂತೆ ಮತ್ತೆ ಹಾಕಿದೆ.

"ಯಾರ್ಡಿನಾಗ ಹೇಳಿಬಿಡ್ರಿ. ಬ್ಯಾರೆ ಕೆಲಸ ಹುಡುಕೂಣು," ಎಂದಳು ಜಯಶ್ರೀ. ಅವಳ ಮೇಲೆಯೇ ರೇಗಿದೆ.

10 ನವೆಂಬರ್, 11.20

ಟೆಸ್ಟ್ ಕೋಣೆಯ ಹೊರಗೆ ಬೆಂಚಿನಲ್ಲಿ ಕೂತು ಬರೆಯುತ್ತಿದ್ದೇನೆ. ಖೇಮಪ್ಪ ಮುಗಿಸಿ ಬಂದ.

"ಹೋದ ವರ್ಷದ್ದ ಬೋರ್ಡ್ ಐತಿ, ಹುಲಿಗೆಪ್ಪ. ಲಗೂನ ಮುಗಿಸಿ ಬಾ. ಮಧ್ಯಾಹ್ನ ಆ ಪ್ಲೇಟ್ ಎತ್ತತಾರ. ನಿನ್ನ ವೆಲ್ಡ್ ಅಂದ್ರ ನಾ ಮ್ಯಾಲ ನೋಡೂದಽ ಇಲ್ಲ."

ಬೆನ್ನು ತಟ್ಟಿ ಹೋದ.

ಅದೇ ಬೋರ್ಡ್. ಒಂದಕ್ಷರವೂ ತಪ್ಪದೆ ನೆನಪಿದೆ. ಹೆಸರು ಕರೆದರು. ಒಳಗೆ ಹೋದ ಕೂಡಲೇ, ಬೋರ್ಡಿನ ಕಡೆ ತಿರುಗುವ ಮೊದಲೇ, ನನ್ನ ಬಲಗಣ್ಣು ಸರಿಯಾಗಿ ಕಾಣುತ್ತಿಲ್ಲವೆಂದು ಹೇಳಿಬಿಡುತ್ತೇನೆ.